ಒಂದೇ ಮುಂಜಾನೆ ನಾಲ್ಕು ಪೂಜೆ

ಇದರಲ್ಲಿ ಅರ್ಧ ನನ್ನ ನೆನಪಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ತಕರಾರು ತೆಗೆಯಬಾರದು. ನನ್ನ ಬದುಕಿನ ಸುಮಾರು ಐದು ವಾರ ನನ್ನ ತಲೆಯೊಳಗೆ ಇಲ್ಲವೇ ಇಲ್ಲ. ಆ ವಾರಗಳನ್ನು ನನ್ನ ಹೆಂಡತಿ ನೀಲಮ್ಮ ಮತ್ತು ನನ್ನ ಅಕ್ಕ ಗಂಗಮ್ಮ ಸೇರಿ ನನಗೆ ಹೇಳಿ ತುಂಬಿದ್ದಾರೆ. ಇಬ್ಬರ ಮಾತೂ ಎಷ್ಟೋ ಕಡೆ ಒಂದಕ್ಕೊಂದು ಕೂಡುವುದಿಲ್ಲ. ಕೂಡದ ಕಡೆ ನಾನು ನೀಲಮ್ಮನ ಮಾತನ್ನೇ ಹಿಡಿದಿದ್ದೇನೆ, ಯಾಕೆಂದರೆ ಊಟ ಹಾಕುವವಳು ಅವಳು.

ಬರೆಯುವುದಕ್ಕೆ ಕಾರಣ ತೆಲಿಗಿ ಊರಿನ ಒಬ್ಬ ಮನುಷ್ಯ. ನಾನೀಗ ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ, ಕಂಟ್ರೋಲ್ ರೂಮಿನಲ್ಲಿ ಕೂತು ಮೈಕಿನಲ್ಲಿ ಬಸ್ಸು ಕೂಗುತ್ತೇನೆ. ಹೋದ ವಾರ ಆತ ಕಿಟಕಿಗೆ ಬಂದು, "ಮೂಳಿ ಒಳಗಿನ ಮಜ್ಜಿ ಬದ್ಲಿ ಮಾಡಿಸ್ಕೊಂಡವ್ರು ನೀವ ಏನ್ರಿ?" ಎಂದ. ಅವನ ಮಗನಿಗೂ ಅದೇ ಆಗಬೇಕಿತ್ತಂತೆ. "ನನ್ನ ನೋಡ್ರಿ, ಗುಂಡುಕಲ್ಲಿನಂಗ ಅದೀನಿ" ಎಂದು ಧೈರ್ಯ ಹೇಳಿ, ಚಹಾ ಕುಡಿಸಿ, ಹರಪನಹಳ್ಳಿ ಬಸ್ಸು ಹತ್ತಿಸಿದೆ. ಬಸ್ಸು ಹೋದ ಮೇಲೆ ಕೂತಲ್ಲಿ ಕೂರಲು ಆಗಲಿಲ್ಲ. ಅವನಿಗೆ ಹೇಳಲೇಬೇಕಾದ ಒಂದು ಮಾತನ್ನು ನಾನು ಹೇಳಿರಲಿಲ್ಲ. ರೋಗಿ ಹೊಸದಾಗಿ ಏನು ಮಾಡಿದರೂ, ಅದು ಒಳ್ಳೆಯದೇ ಇದ್ದರೂ, ದೇವರ ಕೆಲಸವೇ ಇದ್ದರೂ, ಹೋಗಿ ಡಾಕ್ಟರಿಗೆ ಹೇಳಿ ಎನ್ನುವುದೇ ಆ ಮಾತು.

ಮೊದಲು ನಾನು ಕಂಡಕ್ಟರ್. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ, ಅಲ್ಲಿಂದ ಹಡಗಲಿ, ಹಿರೇಹಡಗಲಿ. ಕಾಲು ಒಂದು ಕಡೆ ನಿಂತದ್ದೇ ಇಲ್ಲ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನವಿದ್ದರೂ ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯಬೇಕು ಎನ್ನುವುದು ನನ್ನ ತಲೆಯಲ್ಲಿ ಇರುತ್ತಿತ್ತು. ಕಂಬಿಗೆ ತಲೆ ಕೊಟ್ಟು ಮಲಗಿದ ಮುದುಕಿಯನ್ನು ಕೋಗಳಿ ಬರುವುದಕ್ಕೆ ಎರಡು ನಿಮಿಷ ಮುಂಚೆ, "ಏಳಬೇ ಯಮ್ಮಾ, ನಿಮ್ಮೂರ ಬಂತು" ಎಂದು ಎಬ್ಬಿಸುತ್ತಿದ್ದೆ. ಯಾರೂ ನನ್ನ ಬಸ್ಸಿನಲ್ಲಿ ಊರು ತಪ್ಪಿ ಇಳಿದಿಲ್ಲ. ಆ ನೆನಪಿನ ಮೇಲೆ ನನಗೆ ಸ್ವಲ್ಪ ಸೊಕ್ಕೂ ಇತ್ತು.

ನಮ್ಮ ಅಪ್ಪ ಕೊಟ್ಟೂರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ನನಗೆ ತದ್ವಿರುದ್ಧ. ಕೂತರೆ ಎದ್ದೇಳದ ಮನುಷ್ಯ. ಮುಂಜಾನೆ ಎಡ ಅಂಗೈಯಲ್ಲಿ ಲಿಂಗ ಹಿಡಿದು ಕೂತರೆ ಒಂದು ತಾಸು. ನನಗೆ ಆರು ಗಂಟೆಯ ಬಸ್ಸು, ಹಾಗಾಗಿ ನನ್ನ ಪೂಜೆ ಎರಡೇ ನಿಮಿಷ. ಅಪ್ಪ ದಿನಾ ಅನ್ನುವವರು, "ಲಿಂಗಕ್ಕೂ ಟಿಕೇಟ್ ಹರದು ಕೊಟ್ಟಂಗ ಮಾಡ್ತೀಯಲ್ಲೋ ಕೊಟ್ರೇಶಿ. ಒಂದಿನಾದ್ರೂ ಕುಂತು ಮಾಡೋ." ನಾನು, "ರಿಟೈರ್ ಆದಮ್ಯಾಲ ಕುಂದರ್ತೀನಪಾ" ಎಂದು ಚೀಲ ಹೆಗಲಿಗೇರಿಸಿ ಓಡುತ್ತಿದ್ದೆ.

ರೋಗ ಸೀಟಿಯಲ್ಲಿ ಕಾಣಿಸಿತು. ಹಡಗಲಿ ಬಿಡುವಾಗ ಸೀಟಿ ಊದಿ ಬಾಯಿಂದ ತೆಗೆದರೆ ಅದರ ತುದಿಯೆಲ್ಲ ಕೆಂಪು. ಒಸಡು ಅಂದುಕೊಂಡೆ. ವಾರದಲ್ಲಿ ಬಸ್ಸಿನ ಮೆಟ್ಟಿಲು ಹತ್ತಲು ಉಸಿರು ಸಾಲದಾಯಿತು. ದಾವಣಗೆರೆಯ ಡಾಕ್ಟರು ರಕ್ತದ ಚೀಟಿ ನೋಡಿ, "ಜೊತೆಗೆ ಯಾರು ಬಂದೀರಿ?" ಎಂದು ಕೇಳಿದಾಗಲೇ ನೀಲಮ್ಮ ಸೆರಗು ಬಾಯಿಗೆ ಹಿಡಿದಳು. ರಕ್ತದ ಕ್ಯಾನ್ಸರ್. ಮಗಳನ್ನು ಕೋಗಳಿಯ ಅವಳ ಅಜ್ಜಿಯ ಹತ್ತಿರ ಬಿಟ್ಟು ತಮಿಳು ಮಾತಾಡುವ ಒಂದೂರಿನ ದೊಡ್ಡ ಆಸ್ಪತ್ರೆಗೆ ಹೋದೆವು.

ಆ ಆಸ್ಪತ್ರೆಯ ವರಾಂಡದಲ್ಲಿ ಕಾದದ್ದನ್ನು ಮಾತ್ರ ನಾನು ಮರೆತಿಲ್ಲ, ಮರೆತಿದ್ದರೆ ಚೆನ್ನಾಗಿತ್ತು. ಮರದ ಬೆಂಚು, ಕೈಯಲ್ಲಿ ನಂಬರಿನ ಚೀಟಿ, ಯಾರನ್ನು ಕೂಗಿದರೂ ನನ್ನನ್ನೇ ಎಂದು ಏಳುವುದು, ಮತ್ತೆ ಕೂರುವುದು. ಅವರು ಹೆಸರು ಹೇಳುವ ರೀತಿಗೆ ಕೊಟ್ರೇಶ ಯಾವುದೋ ಬೇರೆ ಮನುಷ್ಯನಾಗಿಬಿಟ್ಟಿದ್ದ. ಪಕ್ಕದಲ್ಲಿ ಅನಂತಪುರದ ಕಡೆಯ ಒಬ್ಬ ಹೆಂಗಸು ಕೂರುತ್ತಿದ್ದಳು. ನಾನು ಎದ್ದು ಓಡಾಡಲು ಹೋದಾಗಲೆಲ್ಲ ನನ್ನ ಜಾಗಕ್ಕೆ ತನ್ನ ಚೀಲ ಇಟ್ಟು ಕಾಯುವಳು. ಭಾಷೆ ಅರ್ಧಂಬರ್ಧ, ಜಾಗ ಪೂರ್ತಿ. ಅವಳ ಹೆಸರು ಕೇಳಲಿಲ್ಲ ನೋಡಿ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮೊದಲು ಕೆಲವು ತಿಂಗಳು ಔಷಧಿ, ಆಮೇಲೆ ಮಜ್ಜೆ ಬದಲಿ. ಹೊಂದಿದ್ದು ಅಕ್ಕನ ಮಜ್ಜೆ. ಅಕ್ಕನನ್ನು ಹಿರೇಹಡಗಲಿಗೆ ಕೊಟ್ಟಿದ್ದೇವೆ. ಮರೆವಿಗೆ ಅವಳು ತಾಲೂಕಿಗೇ ಹೆಸರುವಾಸಿ. ಒಲೆಯ ಮೇಲೆ ಹಾಲಿಟ್ಟು ಸಂತೆಗೆ ಹೋಗುವವಳು. ಒಮ್ಮೆ ಮಗಳ ಮದುವೆ ಸೀರೆಗಳ ಗಂಟನ್ನೇ ಬಸ್ಸಿನಲ್ಲಿ ಬಿಟ್ಟು ಇಳಿದಿದ್ದಳು, ಪುಣ್ಯಕ್ಕೆ ಅದು ನನ್ನ ಬಸ್ಸು. ಅವಳ ಸೊಂಟದ ಎಲುಬಿನಿಂದ ತೆಗೆದದ್ದನ್ನು ಒಂದು ಚೀಲದಲ್ಲಿ ತಂದು, ರಕ್ತ ಏರಿಸಿದ ಹಾಗೆ ನನಗೆ ಏರಿಸಿದರು. ಅಷ್ಟೇ. ನಾನು ಏನೇನೋ ಎಣಿಸಿದ್ದೆ.

ಅದಕ್ಕೂ ಮೊದಲು ಒಂದು ದೊಡ್ಡ ರಗಳೆಯಾಗಿತ್ತು. ನನ್ನನ್ನು ಇಟ್ಟದ್ದು ಯಾವ ಕ್ರಿಮಿಯೂ ಬರಬಾರದ ಒಂಟಿ ಕೋಣೆಯಲ್ಲಿ. ಮಾಸ್ಕು ಕಟ್ಟಿಕೊಂಡು ನೀಲಮ್ಮ ಒಬ್ಬಳು ಒಳಗೆ ಬರಬಹುದು, ಅಕ್ಕ ಗಾಜಿನಾಚೆಯಿಂದ ಫೋನಿನಲ್ಲಿ ಮಾತಾಡಬೇಕು. ಒಳಗೆ ವಿಭೂತಿ ಬೇಡ, ಹೂವು ಪತ್ರೆ ಬೇಡ ಎಂದರು, ಒಪ್ಪಿದೆವು. ಕೊರಳಿನ ಲಿಂಗವನ್ನೂ ತೆಗೆಯಿರಿ ಎಂದರು. ತೆಗೆಯುವುದು ಹೇಗೆ? ಹಾಗಾದರೆ ಕುದಿಸಿ ಕೊಡುತ್ತೇವೆ ಎಂದರು. ಕುದಿಸಿದರೆ ಮೇಲೆ ಬಳಿದ ಕರಿಯ ಕಂತಿಯ ಲೇಪ ಕರಗಿ ಹೋಗುತ್ತದೆ ಎಂದು ನೀಲಮ್ಮ ಕಣ್ಣೀರಿಟ್ಟಳು. ಕೊನೆಗೆ ದೊಡ್ಡ ಡಾಕ್ಟರೇ ದಾರಿ ಹುಡುಕಿದರು. ಮೈಸೂರಿನಲ್ಲಿ ಓದಿದ್ದರಿಂದ ಅವರಿಗೆ ಕನ್ನಡ ಬರುತ್ತಿತ್ತು. ಲಿಂಗವನ್ನು ತೆಳ್ಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಅಂಟಿಸಿದರು. ನರ್ಸು ದಿನಾ ಚೀಲದ ಹೊರಗೆ ಸ್ಪಿರಿಟ್ಟಿನಲ್ಲಿ ಒರೆಸಿ ಕೊಡುವಳು, ನಾನು ಅಂಗೈಯಲ್ಲಿ ಇಟ್ಟುಕೊಂಡು ಎರಡು ನಿಮಿಷ ಕಣ್ಣು ಮುಚ್ಚಿ ವಾಪಸು ಕೊಡುವುದು.

ಆ ಕೋಣೆಯಲ್ಲಿ ಮಂಚದಿಂದ ಬಾಗಿಲಿಗೆ ಐದು ಹೆಜ್ಜೆ. ದಿನಕ್ಕೆ ಎಷ್ಟು ಸಲ ನಡೆದೆನೋ. ಬಾಯೆಲ್ಲ ಹುಣ್ಣು, ಉಗುಳು ನುಂಗಲು ಆಗದು, ಆದರೂ ಮಲಗಲು ಆಗದು. ನರ್ಸು ತಮಿಳಿನಲ್ಲಿ ಗದರುವಳು, ನಾನು ಕನ್ನಡದಲ್ಲಿ ತಿರುಗಿ ಹೇಳುವೆ, ಇಬ್ಬರಿಗೂ ಸಮಾಧಾನ. ಮೂರನೆಯ ವಾರಕ್ಕೆ ಅಕ್ಕನ ಮಜ್ಜೆ ಚಿಗುರಿತು. ರಕ್ತದ ಕಣಗಳು ಏರತೊಡಗಿದವು. ಇನ್ನೊಂದು ವಾರಕ್ಕೆ ಹೊರಗೆ ಬರಬಹುದು ಎಂದರು ಡಾಕ್ಟರು. ಗಾಜಿನಾಚೆ ಅಕ್ಕ ಕೈ ಮುಗಿದು ಕುಣಿದಂತೆ ಮಾಡಿದಳು. ನನ್ನ ಸ್ವಂತ ನೆನಪು ಇಲ್ಲಿಗೆ ಮುಗಿಯುತ್ತದೆ. ಮುಂದಿನದು ಅವರಿಬ್ಬರ ಮಾತು.

ಮೊದಲು ನಾನು ಸಣ್ಣಪುಟ್ಟದ್ದನ್ನು ಮರೆಯತೊಡಗಿದೆನಂತೆ. ಗಂಜಿ ಕುಡಿದು ಐದು ನಿಮಿಷಕ್ಕೆ, "ಇವತ್ತು ಗಂಜಿ ಕೊಡಲಿಲ್ಲಲ್ಲ" ಎನ್ನುವುದು. ಇವತ್ತು ಯಾವ ವಾರ ಎಂದು ಮೂರು ಸಲ ಕೇಳುವುದು. ಅಕ್ಕ ಗಾಜಿನಾಚೆಯ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳಂತೆ. "ನನ್ನ ರಕ್ತ ಕೆಲಸ ಮಾಡಾಕತ್ತೈತಿ ನೋಡು ನೀಲಾ! ಇನ್ನ ಇವ ಟಿಕೇಟ್ ಕೊಟ್ಟು ರೊಕ್ಕಾ ಇಸ್ಕೊಳ್ಳೋದ ಮರೀತಾನ!" ನೀಲಮ್ಮನೂ ನಕ್ಕಳು. ಎಷ್ಟೋ ದಿನದ ಮೇಲೆ ನಗು ಬಂದಿತ್ತು, ಯಾರು ಬಿಡುತ್ತಾರೆ?

ಆಮೇಲೆ ಪೂಜೆ. ಒಂದು ಮುಂಜಾನೆ ಪೂಜೆ ಮುಗಿಸಿ ಲಿಂಗ ವಾಪಸು ಕೊಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಕೈ ಚಾಚಿದೆ. "ಪೂಜಿ ಆಗಿಲ್ಲ, ಪೂಜಿ ಆಗದ ನೀರು ಹೆಂಗ ಕುಡೀಲಿ?" ನೀಲಮ್ಮ ನರ್ಸಿನಿಂದ ಒರೆಸಿಸಿ ಕೊಟ್ಟಳು. ಮತ್ತೆ ಅರ್ಧ ತಾಸಿಗೆ ಅದೇ. ಆ ಮುಂಜಾನೆ ನಾಲ್ಕು ಸಲ ಮಾಡಿದೆನಂತೆ. ಎರಡು ನಿಮಿಷದ ಭಕ್ತ ನಾಲ್ಕು ಸಲ ಕೂತದ್ದು ಕಂಡು ನೀಲಮ್ಮನಿಗೆ ಮೈ ಜುಮ್ಮೆಂದಿತು. ಸಾವಿನ ಬಾಗಿಲು ನೋಡಿ ಬಂದ ಮನುಷ್ಯ, ಶಿವನ ಕಡೆ ತಿರುಗಿದ್ದಾನೆ ಎಂದುಕೊಂಡಳು. ಸಂಜೆ ಎಸ್‌ಟಿಡಿ ಬೂತಿನಿಂದ ಅಪ್ಪನಿಗೆ ಸುದ್ದಿ ಹೇಳಿದಳು. ಅಪ್ಪ ಫೋನಿನಲ್ಲಿ ಅತ್ತರಂತೆ. "ಮಾಡ್ಲಿ ಬಿಡವಾ, ತಡೀಬ್ಯಾಡ. ಈಗಾದ್ರೂ ಕುಂತಾನಲ್ಲ ನನ್ನ ಮಗ."

ಮರುದಿನವೂ ಹಾಗೆಯೇ. ಅದರ ಮರುದಿನವೂ. ಸಣ್ಣಗೆ ಜ್ವರವೂ ಇತ್ತು, ಅದಕ್ಕೆ ಔಷಧಿ ಕೊಡುತ್ತಿದ್ದರು. ನರ್ಸು ಚೀಲ ಒರೆಸಿ ಒರೆಸಿ ಕೊಡುತ್ತಿದ್ದಳು. ಇವರ ಪದ್ಧತಿ ಹೀಗೇ ಇರಬೇಕು ಎಂದುಕೊಂಡಿದ್ದಳಂತೆ ಪಾಪ. ನಮ್ಮವರು ಅದನ್ನು ಭಕ್ತಿ ಎಂದುಕೊಂಡಿದ್ದರು. ಮೂರು ದಿನ ಹೀಗೆ ಹೋಯಿತು. ನಾಲ್ಕನೆಯ ಮುಂಜಾನೆ ಅಂಗೈಯಲ್ಲಿ ಲಿಂಗ ಇದ್ದ ಹಾಗೆಯೇ ಕೈ ಸೆಟೆದು, ಕಣ್ಣು ಮೇಲಾಗಿ, ಮೈಯೆಲ್ಲ ಅದುರಿತು. ಫಿಟ್ಸು.

ಡಾಕ್ಟರು ಓಡಿ ಬಂದು ಅದನ್ನು ನಿಲ್ಲಿಸಿದ ಮೇಲೆ ನೀಲಮ್ಮನನ್ನು ಹೊರಗೆ ಕರೆದು ಕೇಳಿದರು. "ಅಮ್ಮ, ಇವರಲ್ಲಿ ಈಚೆಗೆ ಏನಾದರೂ ಬದಲಾವಣೆ ಕಂಡಿರಾ?"

"ಇಲ್ರಿ. ಚೊಲೋನ ಇದ್ರು. ಪೂಜಿ ಜಾಸ್ತಿ ಮಾಡ್ತಿದ್ರು, ಅಷ್ಟ."

"ಜಾಸ್ತಿ ಅಂದರೆ?"

"ಮುಂಜಾನಿಗೆ ನಾಕ ಸಲ್ರಿ."

"ಮೊದಲು ಎಷ್ಟು ಸಲ ಮಾಡುತ್ತಿದ್ದರು?"

ಆಗ ಅವಳಿಗೆ ಹೊಳೆಯಿತು. ನಾನು ಹೆಚ್ಚು ಪೂಜೆ ಮಾಡಿದ್ದಲ್ಲ, ಒಂದನ್ನೇ ಮರೆತು ಮರೆತು ಮಾಡಿದ್ದು. ಗಂಜಿ ಮರೆತದ್ದನ್ನೂ ಸೇರಿಸಿ ಎಲ್ಲವನ್ನೂ ಡಾಕ್ಟರಿಗೆ ಹೇಳಿದಳಂತೆ. ಡಾಕ್ಟರು ಬೈಯಲಿಲ್ಲ. "ನಾನೂ ಇವರನ್ನು ದಿನಾ ನೋಡುತ್ತಿದ್ದೆ, ನನಗೂ ತಿಳಿಯಲಿಲ್ಲ" ಎಂದರು. ಆ ಒಂದು ಮಾತಿಗೆ ನೀಲಮ್ಮ ಇವತ್ತಿಗೂ ಅವರ ಹೆಸರಿನಲ್ಲಿ ದೀಪ ಹಚ್ಚುತ್ತಾಳೆ.

ತಲೆಯ ಸ್ಕ್ಯಾನು ಮಾಡಿದರು, ಬೆನ್ನುಹುರಿಯ ಹತ್ತಿರ ಸೂಜಿ ಹಾಕಿ ನೀರು ತೆಗೆದು ಪರೀಕ್ಷೆಗೆ ಬೇರೆ ಊರಿಗೆ ಕಳಿಸಿದರು. ಉತ್ತರ ಬರುವ ತನಕ ಕಾಯದೆ ಔಷಧಿ ಶುರುಮಾಡಿದರು. ನೀಲಮ್ಮ ನನಗೆ ವಿವರಿಸಿದ್ದು ಇಷ್ಟು: "ಕೂಸಿದ್ದಾಗ ಎಲ್ಲಾರಿಗೂ ಬರೋ ಜ್ವರದ ವೈರಸ್ಸಂತ್ರಿ. ಬಂದು ಹೋದಮ್ಯಾಲೂ ಮೈಯಾಗ ಸುಮ್ನ ಮಕ್ಕೊಂಡಿರ್ತೈತಂತ. ನಿಮ್ಮ ಮೈಯಾಗ ಕಾಯೋರು ಇಲ್ಲದ್ದು ನೋಡಿ ಎದ್ದು ತಲಿಗೆ ಹೋಗೈತಿ." ಮೆದುಳಿನಲ್ಲಿ ಅದು ಕೂತದ್ದು ಹೊಸ ನೆನಪು ಕಟ್ಟುವ ಜಾಗದಲ್ಲೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ.

ಮೊದಲ ಔಷಧಿ ವೈರಸ್ಸನ್ನು ಹೊಡೆಯುವುದರ ಜೊತೆಗೆ ಚಿಗುರಿದ ಮಜ್ಜೆಯನ್ನೂ ಹೊಡೆಯತೊಡಗಿತು. ಏರಿದ್ದ ಕಣಗಳು ಇಳಿದವು. ಅಕ್ಕ ಡಾಕ್ಟರಿಗೇ ಜಗಳ ತೆಗೆದಳು. "ನನ್ನ ಎಲುಬು ಕೊರದು ಕೊಟ್ಟೀನ್ರಿ. ಅದನ್ನ ನೀವ ಕೊಲ್ಲಾಕತ್ತೀರೇನು?" ಡಾಕ್ಟರು, "ನಿಲ್ಲಿಸಿದರೆ ತಲೆ ಹೋಗುತ್ತದೆ, ನಿಲ್ಲಿಸದಿದ್ದರೆ ರಕ್ತ ಹೋಗುತ್ತದೆ" ಎಂದರು. ಅತ್ತ ದರಿ, ಇತ್ತ ಪುಲಿ. ಇನ್ನೊಂದು ಔಷಧಿ ಇತ್ತು, ಸುಲಭಕ್ಕೆ ಸಿಗುವಂಥದ್ದಲ್ಲ. ಮಜ್ಜೆಯ ತಂಟೆಗೆ ಅಷ್ಟು ಹೋಗದು, ಆದರೆ ಮೂತ್ರಪಿಂಡ ಕೆಡಿಸುತ್ತದೆ. ಎರಡು ದಿನ ಕಾದು ತರಿಸಿದರು. ಆ ಎರಡು ದಿನ ಅಕ್ಕ ಮತ್ತು ನೀಲಮ್ಮ ಒಬ್ಬರ ಜೊತೆ ಒಬ್ಬರು ಮಾತಾಡಲಿಲ್ಲ. ನಕ್ಕವಳು ಅಕ್ಕ, ಲಿಂಗ ಕೊಟ್ಟವಳು ನೀಲಮ್ಮ. ಯಾರ ತಪ್ಪು ದೊಡ್ಡದು ಎಂದು ಇಬ್ಬರೂ ಒಳಗೊಳಗೇ ತೂಗುತ್ತಿದ್ದರು.

ಹೊಸ ಔಷಧಿ ಮೂರು ವಾರ. ಏರಿಸಲು ತಾಸುಗಟ್ಟಲೆ, ಅದರ ಮುಂದೆ ಹಿಂದೆ ಸಲೈನು. ಮೈಯ ಉಪ್ಪಿನಂಶವೆಲ್ಲ ಮೂತ್ರದಲ್ಲಿ ಹೋಗಿ ತುಟಿ ಜೋಮು ಹಿಡಿಯುವುದು, ಬೆರಳು ಸೊಟ್ಟಗಾಗುವುದು. ಇಷ್ಟರ ನಡುವೆಯೂ ನಾನು ಸುಮ್ಮನೆ ಮಲಗಲಿಲ್ಲ. ಮಂಚದಿಂದ ಇಳಿದು ಸಲೈನಿನ ಕಂಬಿ ಹಿಡಿದು ನಿಲ್ಲುತ್ತಿದ್ದೆನಂತೆ, ಬಸ್ಸಿನ ಕಂಬಿ ಹಿಡಿದಂತೆ. ಬಂದ ನರ್ಸಿಗೆಲ್ಲ, "ಎಲ್ಲಿಗ್ರಿ? ಒಳಗ ಸರೀರಿ, ಒಳಗ ಸರೀರಿ." ಆಕೆ ಅರ್ಥವಾಗದಿದ್ದರೂ ಒಳಗೆ ಸರಿಯುತ್ತಿದ್ದಳು. ಹಳೆಯದೆಲ್ಲ ನೆನಪಿತ್ತು. ಕೊಟ್ಟೂರಿನಿಂದ ಹಿರೇಹಡಗಲಿವರೆಗಿನ ಸ್ಟಾಪುಗಳನ್ನು ಒಂದೂ ಬಿಡದೆ ಹೇಳುತ್ತಿದ್ದೆ. ಹೊಸದು ಮಾತ್ರ ನಿಲ್ಲುತ್ತಿರಲಿಲ್ಲ. ಡಾಕ್ಟರು ದಿನಾ ಮೂರು ಮಾತು ಹೇಳುವರು: "ಕುದುರೆ, ಬಾಳೆಹಣ್ಣು, ಕೀಲಿಕೈ. ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತೇನೆ." ಕೇಳಿದರೆ ನಾನು ನಗುವುದು. ಯಾವ ಕುದುರೆ?

"ಜೀವಕ್ಕೆ ಈಗ ಮೊದಲಿನಷ್ಟು ಭಯ ಇಲ್ಲ" ಎಂದು ಡಾಕ್ಟರು ನೀಲಮ್ಮನಿಗೆ ಹೇಳಿದರು. "ಆದರೆ ಹೊಸದೇನೂ ತಲೆಯಲ್ಲಿ ನಿಲ್ಲದೆ ಹೀಗೇ ಉಳಿದುಬಿಡಬಹುದು. ಎಷ್ಟೋ ಜನ ಹಾಗೇ ಉಳಿದಿದ್ದಾರೆ. ಒಂದೇ ಒಂದು ಹೊಸ ವಿಷಯ ನಿಂತರೆ ಸಾಕು, ದಾರಿ ತೆರೆಯಿತು ಅಂದುಕೊಳ್ಳೋಣ."

ಆ ಒಂದಕ್ಕಾಗಿ ನೀಲಮ್ಮ ಕಾಯತೊಡಗಿದಳು. ದಿನಾ ಏನಾದರೊಂದು ಹೇಳುವಳು. ಇವತ್ತು ಹೊಸ ಸೀರೆ ಉಟ್ಟಿದ್ದೀನಿ. ಮಗಳು ಪರೀಕ್ಷೆಯಲ್ಲಿ ಮೊದಲ ನಂಬರು. ಹತ್ತು ನಿಮಿಷಕ್ಕೆ ಕೇಳಿದರೆ ಎಲ್ಲ ಸೊನ್ನೆ.

ಅಪ್ಪ ತೀರಿಹೋದದ್ದು ಆಗಲೇ. ಅಂಗಡಿಯಲ್ಲಿ ಕೂತಲ್ಲೇ ಎದೆನೋವು, ಅಷ್ಟೇ. ಪಕ್ಕದ ಮನೆಯ ಚಿಕ್ಕಪ್ಪ ಆಸ್ಪತ್ರೆಯ ಫೋನಿಗೆ ಸುದ್ದಿ ಮುಟ್ಟಿಸಿದರು. ಮಗನ ಭಕ್ತಿ ರೋಗ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳದಿದ್ದದ್ದು ಒಳ್ಳೆಯದೋ ಕೆಟ್ಟದ್ದೋ ನನಗೆ ಇನ್ನೂ ಗೊತ್ತಾಗಿಲ್ಲ. ಅಕ್ಕ ಒಬ್ಬಳೇ ಊರಿಗೆ ಓಡಿದಳು. ಒಬ್ಬನೇ ಮಗ ನಾನು, ಅಪ್ಪನ ಹಣೆಗೆ ವಿಭೂತಿ ಹಚ್ಚಿ ಕಳಿಸಬೇಕಾದವನು, ಐದು ಹೆಜ್ಜೆಯ ಕೋಣೆಯಲ್ಲಿ ನರ್ಸಿಗೆ ಟಿಕೇಟು ಕೇಳುತ್ತಿದ್ದೆ.

ನೀಲಮ್ಮ ಮುಚ್ಚಿಡಲಿಲ್ಲ. ಪಕ್ಕದಲ್ಲಿ ಕೂತು, ಕೈ ಹಿಡಿದು ಹೇಳಿದಳು. ನಾನು ಮಂಚ ಅದುರುವ ಹಾಗೆ ಅತ್ತೆನಂತೆ. ಅತ್ತು ಅತ್ತು ಕಣ್ಣು ಮುಚ್ಚಿದೆ. ಎದ್ದವನು, "ಅಪ್ಪಗ ಫೋನ್ ಮಾಡಿದ್ಯಾ? ಹೆಂಗದಾರ?" ಎಂದೆ. ಅವಳು ಮತ್ತೆ ಹೇಳಿದಳು. ನಾನು ಮತ್ತೆ ಮೊದಲ ಸಲ ಕೇಳಿದವನಂತೆ ಅತ್ತೆ. ಸಂಜೆಗೆ ಮತ್ತೆ. ಮರುದಿನ ಮತ್ತೆ. ನೀಲಮ್ಮನ ಮಾತಿನಲ್ಲೇ ಹೇಳುತ್ತೇನೆ: "ಊರಾಗ ಮಾವ ಒಮ್ಮಿ ಸತ್ರು. ನನ್ನ ಮುಂದ ದಿನಕ್ಕ ಮೂರು ಸಲ ಸತ್ರು." ಮೂರನೆಯ ದಿನ ಅವಳು ಸೋತಳು. ನಾನು ಕೇಳಿದರೆ, "ಚೊಲೋ ಅದಾರ್ರಿ, ಅಂಗಡ್ಯಾಗ ಅದಾರ" ಎಂದು ಹೇಳಿ ಮುಖ ತಿರುಗಿಸತೊಡಗಿದಳು. ಹಾಗೆ ಎಷ್ಟೋ ದಿನ ನಡೆಯಿತು. ನಾನು ಕೇಳುವುದು, ಅಪ್ಪ ಅಂಗಡಿಯಲ್ಲಿ ಇರುವುದು.

ಔಷಧಿಯ ಮೂರನೆಯ ವಾರ ಮುಗಿಯುತ್ತಾ ಬಂದಿತ್ತು. ಒಂದು ಮುಂಜಾನೆ ಡಾಕ್ಟರು ಬಂದು ಎಂದಿನಂತೆ ಮೂರು ಮಾತು ಹೇಳಿ, ಎದೆ ನೋಡಿ, ಕಾಲು ಒತ್ತಿ, ಮೂರೂ ಯಾವುವು ಎಂದು ಕೇಳಿದರು. ನಾನು ನಕ್ಕೆ. ಅವರು ಹೊರಗೆ ಹೋದರು. ಇಲ್ಲಿಂದ ಮುಂದಿನದು ಮತ್ತೆ ನನ್ನದೇ ನೆನಪು, ಯಾರೂ ಹೇಳಿಕೊಟ್ಟದ್ದಲ್ಲ. ಕಿಟಕಿಯಿಂದ ಬಿಸಿಲು ಬಂದಿತ್ತು. ನೀಲಮ್ಮ ಮಾಸ್ಕು ಕಟ್ಟಿಕೊಂಡು ನನ್ನ ಕಾಲಿಗೆ ಸಾಕ್ಸು ಹಾಕುತ್ತಿದ್ದಳು. ಎದೆಯ ಮೇಲೆ ಏನೋ ಭಾರ ಕೂತಿತ್ತು, ಏನೆಂದು ತಿಳಿಯದೆ ಕಾಲು ಆಡಿಸುತ್ತಿದ್ದೆ.

"ಕಾಲು ನಿಂದರಸ್ರಿ" ಎಂದಳು.

"ಅಪ್ಪನ್ನ ಎಲ್ಲಿ ಇಟ್ರು?" ಎಂದೆ.

ಅವಳು ತಲೆ ಎತ್ತದೆ, ರೂಢಿಯಂತೆ, "ಅಂಗಡ್ಯಾಗ ಅದಾರ್ರಿ" ಎಂದಳು.

"ಅಂಗಡ್ಯಾಗ ಹೆಂಗ ಇರ್ತಾರ? ಹೋದ್ರಂತ ನೀನ ಹೇಳಿದ್ಯಲ್ಲ. ಅವ್ವನ ಸಮಾಧಿ ಮಗ್ಗಲಕ ಇಟ್ರೋ, ಬ್ಯಾರೆ ಕಡೆ ಇಟ್ರೋ?"

ಸಾಕ್ಸು ಅವಳ ಕೈಯಲ್ಲೇ ಉಳಿಯಿತು. "ಏನಂದ್ರಿ?" ಎಂದಳು. "ಇನ್ನೊಮ್ಮಿ ಅನ್ರಿ."

"ಅಪ್ಪ ತೀರ್ಕೊಂಡ್ರಲ್ಲ" ಎಂದೆ.

ಅವಳು ಎದ್ದಳು. ಎರಡು ಬಾಗಿಲು ಒಂದರ ಹಿಂದೊಂದು ತಳ್ಳಿಕೊಂಡು, ಮಾಸ್ಕು ಕಿತ್ತು, ವರಾಂಡದಲ್ಲಿ ಓಡಿದಳು. ಎಂದೂ ಗಂಡಸರ ಮುಂದೆ ದನಿ ಎತ್ತದವಳ ದನಿ ಆ ಮಹಡಿಗೆಲ್ಲ ಕೇಳಿಸಿತು. "ಡಾಕ್ಟ್ರೇ! ಡಾಕ್ಟ್ರೇ ಬರ್ರಿ! ನಮ್ಮ ಮಾವ ಸತ್ತಿದ್ದು ನೆನಪೈತ್ರಿ! ಅವರಪ್ಪ ಸತ್ತಾರಂತ ತಾವ ಹೇಳಿದ್ರು ನೋಡ್ರಿ!" ನಗುತ್ತಿದ್ದಳು. ತಮಿಳು ಜನ, ತೆಲುಗು ಜನ, ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತು ಯಾರಿಗೆ ಗಂಡು ಹುಟ್ಟಿತೋ ಎಂಬಂತೆ ನೋಡುತ್ತಿದ್ದರಂತೆ.

ನಾನು ಒಳಗೆ ಒಬ್ಬನೇ ಮಲಗಿ, ಒಂದು ಕಾಲಿಗೆ ಸಾಕ್ಸು ಹಾಕಿಕೊಂಡು, ನನ್ನ ಅಪ್ಪ ಸತ್ತ ಸುದ್ದಿಯನ್ನು ಅವಳು ಅಷ್ಟು ಖುಷಿಯಿಂದ ಕೂಗುವುದನ್ನು ಕೇಳುತ್ತಾ ಅತ್ತೆ. ಅದಕ್ಕೂ ಮೊದಲು ಅಪ್ಪನಿಗಾಗಿ ಎಷ್ಟು ಸಲ ಅತ್ತಿದ್ದೆನೋ ನನಗೆ ಗೊತ್ತಿಲ್ಲ. ಅವತ್ತು ಅತ್ತದ್ದು ಇನ್ನೂ ನೆನಪಿದೆ.